ಅಂಗಳ ಕಳೆದುಕೊಂಡ ನಗರಗಳು

ಕುಂದಾಪುರದಿಂದ ಬೈಂದೂರಿನ ಕಡೆಗೆ ಹೊರಟು, ತಲ್ಲೂರಿನಲ್ಲಿ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ಹಟ್ಟಿಯಂಗಡಿ ಸಿಗುತ್ತದೆ. ವಾರಾಹಿ ನದಿಯ ದಂಡೆ, ಗದ್ದೆ, ತೆಂಗಿನ ತೋಟ, ಸಿದ್ಧಿವಿನಾಯಕನ ದೇವಸ್ಥಾನ, ಒಂದು ಹಳೆಯ ಜೈನ ಬಸದಿ. ಊರಿನ ಹೆಸರಿನಲ್ಲೇ ಅಂಗಡಿ ಇದೆ. ಆದರೆ ಹೆಸರಿಗೆ ತಕ್ಕ ಪೇಟೆಯನ್ನು ಹುಡುಕಿದರೆ ಸಿಗುವುದಿಲ್ಲ. ಒಂದು ಕಾಲದಲ್ಲಿ ವ್ಯಾಪಾರ ನಡೆದ ಜಾಗ ಇದು ಎಂಬುದಕ್ಕೆ ಹೆಸರೊಂದೇ ಸಾಕ್ಷಿಯಾಗಿ ನಿಂತಂತಿದೆ.

ಈ ರಸ್ತೆಯಲ್ಲಿ ಸಾಗುವವರ ಕಣ್ಣಿಗೆ ಇನ್ನೊಂದು ಸಂಗತಿಯೂ ಬೀಳುತ್ತದೆ. ಹಂಚಿನ ಮಾಡಿನ ಹಳೆಯ ಮನೆಗಳ ನಡುವೆ ಅಲ್ಲಲ್ಲಿ ಎರಡು ಮಹಡಿಯ ಕಾಂಕ್ರೀಟ್ ಮನೆಗಳು ಎದ್ದಿವೆ. ಬಾಲ್ಕನಿಗೆ ಉಕ್ಕಿನ ಕಟಕಟೆ, ಕಿಟಕಿಗೆ ಬಣ್ಣದ ಗಾಜು. ಇಂಥ ಮನೆ ಕಂಡೊಡನೆ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಯಾರು, ದುಬೈಯಲ್ಲಿದ್ದಾರಾ?’

ಪ್ರಶ್ನೆ ಸಹಜ. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕೊಲ್ಲಿ ರಾಷ್ಟ್ರಗಳಲ್ಲಿ ನಗರ ಕಟ್ಟುವ ಕೆಲಸ ಭರದಿಂದ ಸಾಗಿತು. ಮುಂಬಯಿಯ ಹೋಟೆಲುಗಳಿಗೆ ಹೋಗುತ್ತಿದ್ದ ಕರಾವಳಿಯ ಹುಡುಗರು ಕುವೈತ್, ದೋಹಾ, ದುಬೈಗಳ ದಾರಿ ಹಿಡಿದರು. ಅಲ್ಲಿ ಗಾಜು, ಕಾಂಕ್ರೀಟಿನ ಊರುಗಳು ಎದ್ದವು. ಅಲ್ಲಿಂದ ಬಂದ ಹಣದಲ್ಲಿ ಇಲ್ಲಿಯೂ ಕಾಂಕ್ರೀಟಿನ ಮನೆಗಳು ಎದ್ದವು. ಆದರೆ ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯವೊಂದಿದೆ. ನಾವು ಊರಿಗೆ ತಂದುಕೊಂಡ ಈ ಮಾದರಿ ಅರಬರ ಸ್ವಂತ ಮಾದರಿಯಲ್ಲ. ಅವರ ಹಳೆಯ ಮನೆಗೂ ನಮ್ಮ ಹಳೆಯ ಮನೆಯಂತೆಯೇ ನಡುವೆ ಅಂಗಳವಿತ್ತು. ನಮಗಿಂತ ಮೊದಲು ಅದನ್ನು ಕಳೆದುಕೊಂಡವರು ಅವರು. ಕಳೆದುಕೊಂಡ ಮೇಲೆ ಹಿಂದಿರುಗಿ ಹುಡುಕಿದವರೂ ಅವರೇ. ಆ ಕತೆ ನಮಗೆ ತಿಳಿದಿರುವುದು ಒಳ್ಳೆಯದು.

ಕಡಲಿನ ಆಚೆ ಈಚೆ

ಅರಬ್ಬೀ ಸಮುದ್ರದ ಎರಡು ದಡಗಳ ಸಂಬಂಧ ತೈಲಕ್ಕಿಂತ ಬಹಳ ಹಳೆಯದು. ಮೊರಾಕ್ಕೋದ ಟ್ಯಾಂಜಿಯರ್ ಪಟ್ಟಣದ ಇಬ್ನ್ ಬತೂತಾ 1342ರ ಸುಮಾರಿಗೆ ನಮ್ಮ ಕರಾವಳಿಯುದ್ದಕ್ಕೂ ಪಯಣಿಸಿದ. ಅವನು ಬರೆದ ಅಬೂ ಸರೂರ್ ನಮ್ಮ ಬಸ್ರೂರು, ಫಾಕನೂರ್ ನಮ್ಮ ಬಾರಕೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮಂಗಳೂರಿನಲ್ಲಿ ಪರ್ಷಿಯಾ, ಯೆಮೆನ್‌ಗಳ ವರ್ತಕರು ಬಂದಿಳಿಯುವುದನ್ನೂ ಅವನು ದಾಖಲಿಸಿದ್ದಾನೆ. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸರ ದುವಾರ್ತೆ ಬಾರ್ಬೋಸಾ ಬರೆದಿರುವಂತೆ, ಈ ಎರಡು ಬಂದರುಗಳಿಂದ ಹೊರ್ಮುಜ್, ಏಡನ್‌ಗಳ ಹಡಗುಗಳು ಅಕ್ಕಿ ತುಂಬಿಕೊಂಡು ಹೋಗುತ್ತಿದ್ದವು. ನಮ್ಮ ಶಾಸನಗಳಲ್ಲಿ ಬರುವ ‘ಹಂಜಮಾನ’ ಎಂಬ ಮಾತು ಪರ್ಷಿಯನ್ನರ ‘ಅಂಜುಮನ್’ನಿಂದ ಬಂದದ್ದು, ಹೊರದೇಶದ ವರ್ತಕರ ಸಂಘಕ್ಕೆ ಆ ಹೆಸರು.

ಬಸ್ರೂರು, ಬಾರಕೂರುಗಳು ಕೇರಿಗಳಾಗಿ ಬೆಳೆದ ಪಟ್ಟಣಗಳು. ಬಾರಕೂರಿನಲ್ಲಿ ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಊರಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ‘ಹಲರು’ ಎಂಬ ಕೂಟದ ಉಲ್ಲೇಖ ಶಾಸನಗಳಲ್ಲಿದೆ. ಇಂಥ ಪಟ್ಟಣದಿಂದ ಹೊರಟ ವರ್ತಕ ಅರಬರ ಬಂದರಿನಲ್ಲಿ ಇಳಿದಾಗ ಅವನಿಗೆ ಅಲ್ಲಿನ ಊರು ತೀರಾ ಅಪರಿಚಿತವೆನಿಸಿರಲಾರದು. ಅಲ್ಲಿಯೂ ಊರೆಂದರೆ ಕೇರಿಗಳು. ಅರಬ್ಬಿಯಲ್ಲಿ ಅದಕ್ಕೆ ‘ಹಾರಾ’ ಎಂದು ಹೆಸರು. ವ್ಯಾಪಾರದ ಬೀದಿ ‘ಸೂಕ್’. ನಮ್ಮ ರಥಬೀದಿಯಲ್ಲಿ ದೇವಸ್ಥಾನದ ಹತ್ತಿರ ಹೂವು, ಕುಂಕುಮ, ಬಳೆಯ ಅಂಗಡಿಗಳಿರುವಂತೆ ಅಲ್ಲಿ ದೊಡ್ಡ ಮಸೀದಿಯ ಹತ್ತಿರ ಪುಸ್ತಕ, ಸುಗಂಧದ ಅಂಗಡಿಗಳು. ಚರ್ಮ ಹದಮಾಡುವವರು, ಬಣ್ಣ ಹಾಕುವವರು ಊರಿನ ಅಂಚಿನಲ್ಲಿ.

ಓಣಿಗೂ ಕಾನೂನಿತ್ತು

ಹಳೆಯ ಅರಬ್ ನಗರದ ನಕ್ಷೆ ನೋಡಿದವರಿಗೆ ಅದೊಂದು ಗೋಜಲು ಎನಿಸುತ್ತದೆ. ಸೊಟ್ಟಂಬಟ್ಟ ಓಣಿಗಳು, ಎಲ್ಲಿಯೂ ಹೋಗದೆ ಯಾರದೋ ಬಾಗಿಲಲ್ಲಿ ಮುಗಿಯುವ ಗಲ್ಲಿಗಳು. ಯುರೋಪಿನಿಂದ ಬಂದ ಅಧಿಕಾರಿಗಳು ಇದನ್ನು ಅವ್ಯವಸ್ಥೆ ಎಂದು ತೀರ್ಮಾನಿಸಿದರು. ಅರಬರಿಗೆ ಯೋಜನೆ ಮಾಡಲು ಬರುತ್ತಿರಲಿಲ್ಲ ಎನ್ನುವಂತಿಲ್ಲ. 762ರಲ್ಲಿ ಖಲೀಫ ಮನ್ಸೂರ್ ಬಾಗ್ದಾದನ್ನು ವೃತ್ತಾಕಾರದಲ್ಲಿ, ನಾಲ್ಕು ಹೆಬ್ಬಾಗಿಲುಗಳನ್ನಿಟ್ಟು, ನಕ್ಷೆಯ ಪ್ರಕಾರವೇ ಕಟ್ಟಿಸಿದ್ದ. ಆದರೆ ಜನವಸತಿಯ ಓಣಿಗಳು ಬೆಳೆದದ್ದು ಬೇರೆ ಕ್ರಮದಲ್ಲಿ. ಮೇಲಿನಿಂದ ಬಂದ ನಕ್ಷೆ ಅಲ್ಲಿರಲಿಲ್ಲ, ನೆರೆಹೊರೆಯ ಕಾನೂನು ಇತ್ತು.

ಆ ಕಾನೂನಿನ ಬುಡದಲ್ಲಿದ್ದದ್ದು ಒಂದೇ ಮಾತು: ಯಾರೂ ಇನ್ನೊಬ್ಬರಿಗೆ ಹಾನಿ ಮಾಡಬಾರದು. ಮನೆ ವಿಸ್ತರಿಸಬಹುದು, ಆದರೆ ಪಕ್ಕದ ಮನೆಯ ಒಳಗು ಕಾಣುವಂತೆ ಕಿಟಕಿ ಇಡುವಂತಿಲ್ಲ. ಬಾಗಿಲು ಎದುರು ಮನೆಯ ಬಾಗಿಲಿಗೆ ನೇರವಾಗಿರಬಾರದು. ಒಲೆಯ ಹೊಗೆ, ಚರಂಡಿಯ ನೀರು ಪಕ್ಕದವರಿಗೆ ತೊಂದರೆ ಕೊಡಬಾರದು. ಸಾರ್ವಜನಿಕ ದಾರಿಗೆ ಏಳು ಮೊಳ ಅಗಲ, ಅಂದರೆ ಹತ್ತು ಹನ್ನೊಂದು ಅಡಿ; ಹೇರು ಹೊತ್ತ ಎರಡು ಪ್ರಾಣಿಗಳು ಎದುರುಬದುರಾಗಿ ಬಂದರೆ ದಾಟುವಷ್ಟು. ಕೊನೆ ಮುಚ್ಚಿದ ಗಲ್ಲಿ ಅಲ್ಲಿನ ನಿವಾಸಿಗಳೆಲ್ಲರ ಜಂಟಿ ಸ್ವತ್ತು. ಅಲ್ಲಿ ಹೊಸ ಬಾಗಿಲು ತೆರೆಯಲು ಉಳಿದವರ ಒಪ್ಪಿಗೆ ಬೇಕು. 14ನೇ ಶತಮಾನದ ಟ್ಯುನಿಸ್ ನಗರದಲ್ಲಿ ಇಬ್ನ್ ಅಲ್ ರಾಮಿ ಎಂಬ ಮೇಸ್ತ್ರಿ ಇಂಥ ವಿವಾದಗಳನ್ನೆಲ್ಲ ಸೇರಿಸಿ ಒಂದು ಪುಸ್ತಕವನ್ನೇ ಬರೆದ. ನ್ಯಾಯಾಧೀಶರಿಗೆ ಕಟ್ಟಡದ ತಂಟೆಗಳಲ್ಲಿ ಸಲಹೆ ಕೊಡುವುದು ಅವನ ಕೆಲಸವಾಗಿತ್ತು.

ಮಸೀದಿ, ಪಾಠಶಾಲೆ, ಬೀದಿಯ ನೀರಿನ ತೊಟ್ಟಿ, ಆಸ್ಪತ್ರೆ ಇವೆಲ್ಲ ನಡೆಯುತ್ತಿದ್ದುದು ವಕ್ಫ್ ಆದಾಯದಿಂದ. ಅಂಗಡಿ ಸಾಲು ಕಟ್ಟಿಸಿ ಅದರ ಬಾಡಿಗೆಯನ್ನು ಧರ್ಮಕಾರ್ಯಕ್ಕೆ ಬಿಟ್ಟುಕೊಡುವ ಪದ್ಧತಿ ಅದು. ದೇವಸ್ಥಾನಕ್ಕೆ ಉಂಬಳಿ ಬಿಟ್ಟ ನಮ್ಮ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೂ ‘ಅರಬ್ ನಗರ’ ಎಂಬ ಒಂದೇ ಅಚ್ಚು ಎಂದೂ ಇರಲಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಜಾನೆಟ್ ಅಬೂ ಲುಘೋದ್ 1987ರಲ್ಲಿ ಬರೆದ ಲೇಖನವೊಂದರಲ್ಲಿ, ಉತ್ತರ ಆಫ್ರಿಕದ ಕೆಲವೇ ಊರುಗಳನ್ನು ನೋಡಿದ ಫ್ರೆಂಚ್ ವಿದ್ವಾಂಸರು ಕಟ್ಟಿದ ಕಲ್ಪನೆ ಅದು ಎಂದು ತೋರಿಸಿಕೊಟ್ಟರು. ಯೆಮೆನ್‌ನ ಸನಾದಲ್ಲಿ ಹಳೆಯ ಮನೆಗಳು ಗೋಪುರದಂತೆ ಮೇಲೆ ಬೆಳೆದಿವೆ. ಅದೇ ದೇಶದ ಶಿಬಾಮ್‌ನಲ್ಲಿ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿದ ಬಹುಮಹಡಿ ಮನೆಗಳಿವೆ. ಗಗನಚುಂಬಿಗಳು ಅರಬರಿಗೆ ತೀರಾ ಹೊಸತೇನಲ್ಲ ಎಂದಾಯಿತು!

ಬಿಸಿಲಿಗೆ ಅಂಗಳ, ಮಳೆಗೆ ಅಂಗಳ

ಈ ನಗರಗಳಲ್ಲಿ ಬಹುಪಾಲು ಮನೆಗಳ ಹೊರಗೋಡೆ ಬೋಳು. ಬಾಗಿಲು ದಾಟಿದರೆ ದಾರಿ ಒಮ್ಮೆ ತಿರುಗುತ್ತದೆ. ಬೀದಿಯಿಂದ ಇಣುಕಿದವರಿಗೆ ಒಳಗು ಕಾಣುವುದಿಲ್ಲ. ತಿರುವಿನಾಚೆ ತೆರೆದ ಅಂಗಳ, ಸುತ್ತ ಕೋಣೆಗಳು.

ಇದು ಗೋಪ್ಯಕ್ಕಾಗಿ ಮಾತ್ರ ಮಾಡಿದ್ದಲ್ಲ. ಮರುಭೂಮಿಯಲ್ಲಿ ಹಗಲು ಸುಡುತ್ತದೆ, ರಾತ್ರಿ ತಂಪಾಗುತ್ತದೆ. ರಾತ್ರಿಯ ತಣ್ಣನೆಯ ಗಾಳಿ ಭಾರವಾದುದರಿಂದ ಅಂಗಳಕ್ಕೆ ಇಳಿದು, ನೆಲವನ್ನೂ ದಪ್ಪ ಗೋಡೆಗಳನ್ನೂ ತಣಿಸುತ್ತದೆ. ಬೆಳಗ್ಗೆ ಬಹಳ ಹೊತ್ತು ಎತ್ತರದ ಗೋಡೆಗಳ ನೆರಳು ಆ ತಂಪನ್ನು ಕಾಯುತ್ತದೆ. ಮಧ್ಯಾಹ್ನ ಅಂಗಳ ಕಾದಾಗ ಬಿಸಿಗಾಳಿ ಮೇಲೇರಿ ಕೋಣೆಗಳ ಗಾಳಿಯನ್ನು ಎಳೆದುಕೊಳ್ಳುತ್ತದೆ. ಓಣಿ ಕಿರಿದಾದಷ್ಟೂ ನೆರಳು ಹೆಚ್ಚು. ಕೊಲ್ಲಿಯ ಕರಾವಳಿಯಲ್ಲಿ ಇದರ ಜೊತೆಗೆ ಗಾಳಿಗೋಪುರವೂ ಇತ್ತು. ಮಾಡಿನ ಮೇಲೆ ನಾಲ್ಕೂ ಕಡೆ ತೆರೆದ ಗೂಡು. ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ವಿದ್ಯುತ್ತಿಲ್ಲದ ಫ್ಯಾನು.

ನಮ್ಮ ಕರಾವಳಿಯ ಚೌಕಿ ಮನೆಗೂ ನಡುವೆ ಅಂಗಳ, ಸುತ್ತ ಜಗಲಿ, ಮುಂದೆ ಚಾವಡಿ. ನೋಡಲು ಒಂದೇ ಆದರೂ ಕಾರಣ ಬೇರೆ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಾಡು ಇದು. ಇಲ್ಲಿ ಗೋಡೆಗಿಂತ ಮಾಡು ಮುಖ್ಯ. ಇಳಿಜಾರು ಮಾಡು ನೀರನ್ನು ಅಂಗಳಕ್ಕೆ ಸುರಿಯುತ್ತದೆ, ಅಲ್ಲಿಂದ ನೀರು ಹೊರಗೆ ಹೋಗುತ್ತದೆ. ಬೆವರು ಒಸರುವ ಸೆಕೆಯಲ್ಲಿ ಗಾಳಿ ಅಡ್ಡಾಡಬೇಕು. ಜಡಿಮಳೆಯ ದಿನಗಳಲ್ಲಿ ಕತ್ತಲ ಕೋಣೆಗಳಿಗೆ ಬೆಳಕು ಬೇಕು. ಅಂಗಳ ಇವೆರಡನ್ನೂ ಕೊಟ್ಟಿತು. ಪರಂಪರೆ ಎಂದು ನಾವು ಕರೆಯುವುದರಲ್ಲಿ ಮುಖ್ಯವಾದದ್ದು ಈ ಲೆಕ್ಕಾಚಾರ. ಕೆತ್ತನೆಯ ಕಂಬ ಆಮೇಲಿನ ಮಾತು.

ಪ್ಯಾರಿಸ್ ಕಂಡ ದೊರೆ

ಹಾಗಾದರೆ ಅರಬ್ ನಗರದಲ್ಲಿ ಇದು ಮುರಿದದ್ದು ಯಾವಾಗ?

ಈಜಿಪ್ಟಿನ ದೊರೆ ಇಸ್ಮಾಯಿಲ್ 1867ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕೆ ಹೋದ. ಹೊಸದಾಗಿ ಅಗಲವಾಗಿದ್ದ ಅಲ್ಲಿನ ರಾಜಬೀದಿಗಳನ್ನು ಕಂಡು ಮರುಳಾದ. 1869ರಲ್ಲಿ ಸುಯೆಜ್ ಕಾಲುವೆಯ ಉದ್ಘಾಟನೆಗೆ ಯುರೋಪಿನ ಗಣ್ಯರು ಬರುವವರಿದ್ದರು; ಅಷ್ಟರೊಳಗೆ ಕೈರೋ ಕೂಡ ಹಾಗೆಯೇ ಕಾಣಬೇಕಿತ್ತು. ಹಳೆಯ ಊರಿನ ಪಶ್ಚಿಮಕ್ಕೆ ಹೊಸ ಬಡಾವಣೆಗಳು ಎದ್ದವು. ಮುಂದಿನ ವರ್ಷಗಳಲ್ಲಿ ಹಳೆಯ ಊರನ್ನು ಸೀಳಿಕೊಂಡು ಕೋಟೆಯವರೆಗೆ ಮೊಹಮ್ಮದ್ ಅಲಿ ಬೀದಿ ಹೋಯಿತು. ನೂರಾರು ಮನೆಗಳು ಉರುಳಿದವು. ಇಂಥ ವೆಚ್ಚಗಳೆಲ್ಲ ಸೇರಿ ದೇಶ ಸಾಲದಲ್ಲಿ ಮುಳುಗಿತು. 1882ರಲ್ಲಿ ಬ್ರಿಟಿಷರು ಬಂದು ಕುಳಿತರು.

ಮೊರಾಕ್ಕೋದಲ್ಲಿ ನಡೆದದ್ದು ಇನ್ನೊಂದು ಬಗೆ. 1912ರಲ್ಲಿ ಫ್ರೆಂಚರ ಆಡಳಿತ ಬಂತು. ಅದರ ಮುಖ್ಯಸ್ಥ ಲಿಯೋಟೆ ಹಳೆಯ ಊರನ್ನು ಮುಟ್ಟಬಾರದು ಎಂದು ಆಜ್ಞೆ ಮಾಡಿದ. ಹೊಸ ಊರನ್ನು ವಾಸ್ತುಶಿಲ್ಪಿ ಆನ್ರಿ ಪ್ರೋಸ್ತ್ ಪಕ್ಕದಲ್ಲಿ ಬೇರೆಯಾಗಿ ಯೋಜಿಸಿದ. ಕೇಳಲು ಇದು ಒಳ್ಳೆಯದೇ. ಆದರೆ ಅಗಲ ರಸ್ತೆ, ನಳ್ಳಿ ನೀರು, ಒಳಚರಂಡಿ, ಉದ್ಯೋಗಗಳೆಲ್ಲ ಯುರೋಪಿಯನ್ನರ ಹೊಸ ಊರಿಗೆ ಹರಿದವು. ಹಳೆಯ ಊರು ನೋಡಲು ಚಂದವಾಗಿ ಉಳಿಯಿತು, ಅಲ್ಲಿ ಬದುಕುವುದು ಕಷ್ಟವಾಯಿತು. ಸ್ವಾತಂತ್ರ್ಯ ಬಂದ ಮೇಲೆ ಉಳ್ಳವರು ಹೊಸ ಊರಿಗೆ ಹೋದರು. ಹಳೆಯ ಮನೆಗಳಲ್ಲಿ ಹಳ್ಳಿಯಿಂದ ಬಂದ ಬಡವರು ಕೋಣೆಗೊಂದು ಸಂಸಾರದಂತೆ ತುಂಬಿಕೊಂಡರು. ಕೆಡವುವುದರಿಂದ ಮಾತ್ರವಲ್ಲ, ಉಳಿಸುವ ಹೆಸರಿನಲ್ಲಿ ಕಡೆಗಣಿಸುವುದರಿಂದಲೂ ಊರು ಸಾಯುತ್ತದೆ ಎಂಬುದಕ್ಕೆ ಇದು ನಿದರ್ಶನ.

ಗೋಡೆ ಉರುಳಿತು, ಕಾರು ಬಂತು

ಕೊಲ್ಲಿಯ ಊರುಗಳಲ್ಲಿ ಬದಲಾವಣೆ ಒಂದೇ ತಲೆಮಾರಿನಲ್ಲಿ ಮುಗಿಯಿತು. ಕುವೈತ್ ನಗರಕ್ಕೆ 1920ರಲ್ಲಿ ಕಟ್ಟಿದ ಮಣ್ಣಿನ ಕೋಟೆಗೋಡೆಯಿತ್ತು. 1950ರ ದಶಕದ ಆರಂಭದಲ್ಲಿ ಬ್ರಿಟಿಷ್ ಯೋಜಕರು ಹೊಸ ನಕ್ಷೆ ಬರೆದರು. 1957ರಲ್ಲಿ ಗೋಡೆ ಉರುಳಿತು, ಹೆಬ್ಬಾಗಿಲುಗಳು ಮಾತ್ರ ಉಳಿದವು. ಸರಕಾರ ಒಳಗಿನ ಅಂಗಳದ ಮನೆಗಳಿಗೆ ದೊಡ್ಡ ಬೆಲೆ ಕೊಟ್ಟು ಕೊಂಡು ಕೆಡವಿತು. ಜನ ಹೊರವಲಯದ ಬಂಗಲೆಗಳಿಗೆ ಹೋದರು. ಓಣಿಯಲ್ಲಿ ನಡೆದು ತಲುಪುತ್ತಿದ್ದ ಬಂಧುವಿನ ಮನೆಗೆ ಈಗ ಕಾರು ಬೇಕಾಯಿತು.

ದುಬೈ ಆಗ ಸಣ್ಣ ಬಂದರು. 1960ರ ದಶಕದವರೆಗೂ ಅಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿ. ಕೊಲ್ಲಿಯ ಬಳಕೆಗೆಂದೇ 1959ರಲ್ಲಿ ರಿಸರ್ವ್ ಬ್ಯಾಂಕ್ ಬೇರೆ ನೋಟು ಹೊರಡಿಸಿತ್ತು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ದುಬೈ ಅದನ್ನು ಬಿಟ್ಟಿತು. ಅದೇ ವರ್ಷ ದುಬೈಯಲ್ಲಿ ತೈಲ ಸಿಕ್ಕಿತು. ಅದಕ್ಕೂ ಮೊದಲೇ, 1960ರಲ್ಲಿ, ಜಾನ್ ಹ್ಯಾರಿಸ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ ಊರಿನ ಮೊದಲ ನಕ್ಷೆ ಸಿದ್ಧಪಡಿಸಿದ್ದ. ಐವತ್ತು ವರ್ಷ ಕಳೆಯುವಷ್ಟರಲ್ಲಿ, 2010ರಲ್ಲಿ, 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಬಾಗಿಲು ತೆರೆಯಿತು.

ಈ ನಡುವೆ ಹಳೆಯ ದುಬೈ ಏನಾಯಿತು? ಖಾರಿಯ ದಡದಲ್ಲಿ ಬಸ್ತಕಿಯಾ ಎಂಬ ಕೇರಿಯಿದೆ. ಇರಾನಿನ ಬಸ್ತಕ್‌ನಿಂದ ಬಂದ ವರ್ತಕರು ಹವಳದ ಕಲ್ಲಿನಲ್ಲಿ ಕಟ್ಟಿದ ಅಂಗಳದ ಮನೆಗಳು, ಗಾಳಿಗೋಪುರಗಳು ಅಲ್ಲಿದ್ದವು. 1980ರ ದಶಕದಲ್ಲಿ ಅದರ ಅರ್ಧದಷ್ಟು ನೆಲಸಮವಾಯಿತು. ಉಳಿದರ್ಧವೂ ಹೋಗುವುದರಲ್ಲಿತ್ತು. 1989ರಲ್ಲಿ ಅಲ್ಲಿಗೆ ಭೇಟಿ ಕೊಟ್ಟ ಬ್ರಿಟನ್ನಿನ ರಾಜಕುಮಾರ ಚಾರ್ಲ್ಸ್ (ಈಗ ದೊರೆ) ಅದನ್ನು ಮೆಚ್ಚಿ ಮಾತನಾಡಿದ್ದು ಅದರ ಉಳಿವಿಗೆ ನೆರವಾಯಿತು. ಇಂದು ಅಲ್ ಫಹೀದಿ ಎಂಬ ಹೆಸರಿನಲ್ಲಿ ಅದು ಪ್ರವಾಸಿಗರ ತಾಣ. ಮನೆಗಳಲ್ಲಿ ಗ್ಯಾಲರಿ, ಕಾಫಿ ಅಂಗಡಿ, ವಸ್ತುಸಂಗ್ರಹಾಲಯಗಳಿವೆ. ಸಂಸಾರಗಳಿಲ್ಲ.

ಉಳಿಸುವುದೆಂದರೇನು?

ಇಲ್ಲಿಯೇ ವಿಷಯದ ಗಂಟು ಇರುವುದು. ಕಟ್ಟಡ ಉಳಿದರೆ ಪರಂಪರೆ ಉಳಿಯಿತೇ?

ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತಿ 1940ರ ದಶಕದಲ್ಲಿ ಲಕ್ಸರ್ ಬಳಿ ಹೊಸ ಗೂರ್ನಾ ಎಂಬ ಹಳ್ಳಿ ಕಟ್ಟಿದರು. ಮಣ್ಣಿನ ಇಟ್ಟಿಗೆ, ನೂಬಿಯಾದ ಮೇಸ್ತ್ರಿಗಳಿಂದ ಕಲಿತ ಕಮಾನು, ಅಂಗಳ. ಕಡಿಮೆ ಖರ್ಚು, ಹೆಚ್ಚು ತಂಪು. ಜಗತ್ತು ಕೊಂಡಾಡಿತು. ಆದರೆ ಆ ಹಳ್ಳಿಗೆ ಬರಬೇಕಾಗಿದ್ದ ಜನ ತಮ್ಮ ಹಳೆಯ ಜಾಗ ಬಿಡಲು ಒಪ್ಪಲಿಲ್ಲ, ಹಳ್ಳಿ ಪೂರ್ತಿಯಾಗಲಿಲ್ಲ. ಬದುಕುವವರನ್ನು ಕೇಳದೆ ಪರಂಪರೆಯನ್ನು ಮೇಲಿನಿಂದ ಹೇರಿದರೆ ಅದೂ ಹೊರಗಿನ ನಕ್ಷೆಯೇ ಆಗುತ್ತದೆ.

ಇದಕ್ಕೆ ಪ್ರತಿಯಾಗಿ ಟ್ಯುನಿಸ್‌ನ ಉದಾಹರಣೆ ಇದೆ. ಅಲ್ಲಿನ ಹಳೆಯ ಊರಿನ ಮಧ್ಯದಿಂದ ರಾಜರಸ್ತೆ ಕೊರೆಯುವ ಯೋಜನೆ ಸ್ವಾತಂತ್ರ್ಯದ ಹೊಸತರಲ್ಲಿ ಬಂದಿತ್ತು, ಕೈಬಿಟ್ಟರು. 1967ರಲ್ಲಿ ಹಳೆಯ ಊರಿನ ರಕ್ಷಣೆಗೆ ಒಂದು ಸಂಘ ಸ್ಥಾಪನೆಯಾಯಿತು. ಕೊಳೆಗೇರಿಯೆಂದು ಹಿಂದೆ ಕೆಡವಿದ್ದ ಹಫ್ಸಿಯಾ ಎಂಬ ಕೇರಿಯನ್ನು ಅವರು ಮತ್ತೆ ಕಟ್ಟಿದರು. ಮನೆಗಳು ಹೊಸವು, ನಳ್ಳಿ, ಚರಂಡಿಗಳಿವೆ. ಆದರೆ ಅಂಗಳವಿದೆ, ಓಣಿಯ ಅಳತೆ ಹಳೆಯದು, ಸೂಕ್ ಮತ್ತೆ ತೆರೆಯಿತು, ಮತ್ತು ಜನ ಅಲ್ಲಿ ವಾಸವಾಗಿದ್ದಾರೆ. ಈ ಕೆಲಸಕ್ಕೆ 1983ರಲ್ಲಿ ಒಮ್ಮೆ, 1995ರಲ್ಲಿ ಇನ್ನೊಮ್ಮೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

ಅಬುಧಾಬಿಯ ಬಳಿ 2008ರಲ್ಲಿ ಆರಂಭಿಸಿದ ಮಸ್ದರ್ ಎಂಬ ಹೊಸ ಬಡಾವಣೆಯಲ್ಲೂ ಓಣಿಗಳನ್ನು ಬೇಕೆಂದೇ ಕಿರಿದಾಗಿಸಿದ್ದಾರೆ, ನೆರಳಿಗಾಗಿ. ನಡುವೆ ಒಂದು ಗಾಳಿಗೋಪುರವಿದೆ. ಹಳಬರ ಲೆಕ್ಕಾಚಾರಕ್ಕೆ ಮತ್ತೆ ಬೆಲೆ ಬಂತು.

ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ಆ ಓಣಿಗಳಲ್ಲಿ ಕಾಲರಾ ಹರಡಿತ್ತು. ಅಂಗಳದ ಆಚೆ ಹೆಣ್ಣುಮಕ್ಕಳಿಗೆ ಜಗತ್ತು ಕಿರಿದಾಗಿತ್ತು. ನಮ್ಮಲ್ಲಿಯೂ ಚೌಕಿ ಮನೆಗಳಿದ್ದದ್ದು ಜಮೀನುಳ್ಳವರಿಗೆ. ಒಕ್ಕಲಿಗೆ ಮುಳಿಹುಲ್ಲಿನ ಗುಡಿಸಲು. ಕೇರಿ ಎಂದರೆ ಜಾತಿಯ ಗೆರೆಯೂ ಹೌದು. ಗಲ್ಫಿಗೆ ಹೋದ ಮಗ ಕಟ್ಟಿಸಿದ ತಾರಸಿ ಮನೆ ಎಷ್ಟೋ ಕುಟುಂಬಗಳಿಗೆ ಸೋರದ ಮೊದಲ ಸೂರು. ಅದನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ.

ಮತ್ತೆ ಹಟ್ಟಿಯಂಗಡಿ

ಚೌಕಿ ಮನೆಗಳು ಬಿದ್ದದ್ದಕ್ಕೆ ಗಲ್ಫ್ ಹಣವೊಂದೇ ಕಾರಣವೂ ಅಲ್ಲ. 1974ರ ಭೂಸುಧಾರಣೆಯ ನಂತರ ದೊಡ್ಡ ಮನೆಗಳಿಗೆ ಗೇಣಿ ಬರುವುದು ನಿಂತಿತು. ಕೂಡುಕುಟುಂಬಗಳು ಪಾಲಾದವು. ಹದಿನಾರು ಪಾಲುದಾರರಿರುವ ಮಾಡಿಗೆ ಹಂಚು ಬದಲಿಸುವವರು ಯಾರು? ಮಣಿಪಾಲದ ಹಸ್ತಶಿಲ್ಪ ಪರಂಪರೆಯ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ಇಂಥ ಹಲವು ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದರು. ಅವರಿಲ್ಲದಿದ್ದರೆ ಆ ಕಂಬ, ಬಾಗಿಲು, ಮುಚ್ಚಿಗೆಗಳು ಹಳೆ ಮರದ ವ್ಯಾಪಾರಿಗಳ ಪಾಲಾಗುತ್ತಿದ್ದವು. ದೊಡ್ಡ ಕೆಲಸ. ಆದರೆ ಬಸ್ತಕಿಯಾದಂತೆ ಅಲ್ಲಿಯೂ ಉಳಿದದ್ದು ಮನೆ, ಮನೆಯವರಲ್ಲ.

ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಹಳತೋ ಹೊಸತೋ ಎಂಬುದಲ್ಲ. ಹೊಸ ಮನೆಗೆ ಗಾಳಿ ಎಲ್ಲಿಂದ ಬರುತ್ತದೆ? ಮಳೆ ನೀರು ಎಲ್ಲಿಗೆ ಹೋಗುತ್ತದೆ? ನಮ್ಮ ಪಾಗಾರದಿಂದ ಪಕ್ಕದವರ ತೋಡು ಕಟ್ಟಿಹೋಗುವುದಿಲ್ಲ ತಾನೆ? ಏಳುನೂರು ವರ್ಷದ ಹಿಂದೆ ಟ್ಯುನಿಸ್‌ನ ಮೇಸ್ತ್ರಿ ಕೇಳುತ್ತಿದ್ದದ್ದೂ ಇಂಥವೇ ಪ್ರಶ್ನೆಗಳು. ಬ್ರಹ್ಮಾವರ, ಬೈಂದೂರು 2018ರಲ್ಲಿ ತಾಲೂಕುಗಳಾಗಿವೆ. ಕಚೇರಿ, ಕಟ್ಟಡ, ಬಡಾವಣೆಗಳು ಬೆಳೆಯುವ ಕಾಲ ಇದು. ನಕ್ಷೆ ಬರೆಯುವವರು ಆ ಪ್ರಶ್ನೆಗಳನ್ನು ಕೇಳಲು ಇನ್ನೂ ಹೊತ್ತು ಮೀರಿಲ್ಲ.

ಹಟ್ಟಿಯಂಗಡಿಯಿಂದ ವಾಪಸಾಗುವಾಗ ಆ ಕಾಂಕ್ರೀಟ್ ಮನೆಗಳನ್ನು ಇನ್ನೊಮ್ಮೆ ನೋಡಿ. ಅವುಗಳಲ್ಲಿ ಹಲವಕ್ಕೆ ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ತಗಡಿನ ಇಳಿಜಾರು ಮಾಡು ಹಾಕಿದ್ದಾರೆ. ಮರುಭೂಮಿಯ ಊರಿಗೆ ಒಗ್ಗುವ ಚಪ್ಪಟೆ ತಾರಸಿ ನಮ್ಮ ಮಳೆಗೆ ಸೋರಿತು. ಯಾರೂ ಹೇಳದೆಯೇ ಜನ ಅಜ್ಜನ ಮನೆಯ ಮಾಡನ್ನು ಮತ್ತೆ ಹೊದಿಸಿದರು. ಮೊದಲೇ ಯೋಚಿಸಿದ್ದರೆ ಒಂದು ಮನೆಗೆ ಎರಡು ಮಾಡಿನ ಖರ್ಚು ಬರುತ್ತಿರಲಿಲ್ಲ.